ಮುಳುಗಿದ ಕಾಡು, ಜಾರುವ ಪ್ರೊಪೆಲ್ಲರ್

ಕಳೆದ ಬೇಸಿಗೆಯಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರಿನಲ್ಲಿ ನಾನು ಕೂತಿದ್ದ ದೋಣಿಯ ಎಂಜಿನ್ ಒಮ್ಮೆಲೇ ಕಿರುಚತೊಡಗಿತು. ದೋಣಿ ಮಾತ್ರ ಎಮ್ಮೆಯಂತೆ ನಿಧಾನ. ಮುಳುಗಡೆ ಊರುಗಳ ಬಗ್ಗೆ ಸಂಶೋಧನೆಗೆಂದು ಹೋದ ನನಗೆ ಎಂಜಿನ್ ಗೊತ್ತಿಲ್ಲ. ದೋಣಿಯ ಹಿರಿಯರು, "ಎಂಜಿನ್ ಚೆನ್ನಾಗೇ ಐತೆ, ಫ್ಯಾನು ಜಾರ್ತಾ ಐತೆ" ಎಂದರು.

ಈ ಜಾರುವಿಕೆಗೆ ಲೆಕ್ಕವಿದೆ. ಪ್ರೊಪೆಲ್ಲರ್ ಒಂದು ಸುತ್ತಿಗೆ ಎಷ್ಟು ಮುನ್ನುಗ್ಗಬೇಕೆಂಬುದು ಅದರ ಪಿಚ್. ಪಿಚ್ 11 ಇಂಚು. ಎಂಜಿನ್ ನಿಮಿಷಕ್ಕೆ 5000 ಸುತ್ತು. ಗೇರ್ ಅದನ್ನು ಅರ್ಧಕ್ಕಿಳಿಸಿದರೆ ಪ್ರೊಪೆಲ್ಲರಿಗೆ 2500. ನೀರು ಗಟ್ಟಿ ಮರವಾಗಿದ್ದು, ಪ್ರೊಪೆಲ್ಲರ್ ಅದರಲ್ಲಿ ಸ್ಕ್ರೂವಿನಂತೆ ಕೊರೆದು ಸಾಗಿದ್ದರೆ ದೋಣಿ ಗಂಟೆಗೆ ಸುಮಾರು 42 ಕಿ.ಮೀ. ಓಡಬೇಕು. ನೀರು ಮರವಲ್ಲ, ಆದ್ದರಿಂದ ಸ್ವಲ್ಪ ಜಾರುವುದು ಸಹಜ. ನನ್ನ ಫೋನಿನ ಜಿಪಿಎಸ್ ತೋರಿಸಿದ್ದು 17. ಅಂದರೆ ಸುಮಾರು ನೂರಕ್ಕೆ 60 ಪಾಲು ವ್ಯರ್ಥ.

ಎಂಜಿನ್ ಎತ್ತರದಲ್ಲಿ ಕೂತು ಗಾಳಿ ಎಳೆದುಕೊಂಡರೂ, ರೆಕ್ಕೆಗೆ ಜೊಂಡು ಸುತ್ತಿದರೂ ಹೀಗಾಗುತ್ತದೆ. ಹಿರಿಯರು ಎಂಜಿನ್ ಎತ್ತಿ, ಪ್ರೊಪೆಲ್ಲರಿನ ನಡುವಿನ ಲೋಹದ ತೋಳಿನಿಂದ ರಬ್ಬರ್ ದಾಟಿ ಹೊರಗಿನ ಗುಂಬದವರೆಗೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ ಎಳೆದರು. ಎರಡು ನಿಮಿಷ ಓಡಿಸಿ ನೋಡಿದರೆ ಗೆರೆ ತುಂಡಾಗಿ ಎರಡು ದಿಕ್ಕಿಗೆ ಸರಿದಿತ್ತು. ಅಡಿಯಲ್ಲಿ ಏನಾದರೂ ಬಡಿದಾಗ ಗೇರ್ ಮುರಿಯದಿರಲಿ ಎಂದೇ ಆ ರಬ್ಬರ್ ಇರುತ್ತದೆ. ಪದೇ ಪದೇ ಬಡಿದರೆ ಅದೇ ಹಿಡಿತ ಕಳೆದುಕೊಳ್ಳುತ್ತದೆ.

ಪ್ರೊಪೆಲ್ಲರಿನ ಚರಿತ್ರೆಯಲ್ಲೂ ಬಡಿತಕ್ಕೊಂದು ಪಾತ್ರವಿದೆ. 1837ರಲ್ಲಿ ಲಂಡನ್ನಿನ ಕಾಲುವೆಯೊಂದರಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್‌ನ ಮರದ ಸ್ಕ್ರೂ ಅರ್ಧ ಮುರಿದುಹೋಯಿತು. ದೋಣಿ ಮೊದಲಿಗಿಂತ ಜೋರಾಗಿ ಓಡಿತು! ನಮ್ಮದು ಅಂಥ ಅದೃಷ್ಟದ ದೋಣಿಯಲ್ಲ.

ಇಲ್ಲಿ ಬಡಿಯುವುದು ಏನು? 1974ರಲ್ಲಿ ಬೀಚನಹಳ್ಳಿ ಬಳಿ ಅಣೆಕಟ್ಟು ಮುಗಿದಾಗ ಕಾಕನಕೋಟೆಯ ಕಾಡೂ ಹಲವು ಊರುಗಳೂ ನೀರಿನಡಿ ಸೇರಿದವು. ಅದೇ ಕಾಡಿನಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆದಿತ್ತು. ಮಹಾರಾಜರ ಅತಿಥಿಗಳು, ಆನೆಗಳು, ಹಗ್ಗ ಹಿಡಿದ ಕುರುಬರು: ಖೆಡ್ಡಾಗಳ ಫೋಟೊಗಳು ಎಷ್ಟು ಬೇಕೋ ಅಷ್ಟಿವೆ. ಮರಗಳ ಲೆಕ್ಕ ಮಾತ್ರ ನಾನು ಹುಡುಕಿದ ಕಡತಗಳಲ್ಲಿ ಇನ್ನೂ ಕೈಗೆ ಸಿಕ್ಕಿಲ್ಲ. ಮಳೆಗಾಲದಲ್ಲಿ ದೋಣಿ ಅವುಗಳ ಮೇಲೆ ತೇಲಿಹೋಗುತ್ತದೆ. ಬೇಸಿಗೆಯಲ್ಲಿ ನೀರಿಳಿದಾಗ ಬೊಡ್ಡೆಗಳು ಮೇಲ್ಮೈಗೆ ಒಂದೆರಡು ಅಡಿ ಕೆಳಗೇ ಕಾದಿರುತ್ತವೆ.

ಹುಟ್ಟು ಹಾಕುತ್ತಾ ದಡಕ್ಕೆ ಮರಳುವಾಗ ಹಿರಿಯರು ಕೆಲವು ಕಡೆ ಕಾರಣವಿಲ್ಲದೆ ಬಳಸಿ ಹೋದರು. ಯಾಕೆಂದು ಕೇಳಿದೆ. "ಇಲ್ಲಿ ಮತ್ತಿ. ಅಲ್ಲಿ ಹೊನ್ನೆ. ಆ ಕಡೆ ನಮ್ಮಜ್ಜಿ ಮನೆ ಹಿಂದಿನ ಹುಣಸೆ." ಮೇಲೆ ಎಲ್ಲೆಲ್ಲೂ ಒಂದೇ ನೀರು. ನಾನು ಎಂಜಿನ್ ಲೆಕ್ಕ ಬರೆದಿದ್ದ ಹಾಳೆಯನ್ನೇ ತಿರುವಿ, ಅವರು ಹೇಳಿದ ಮರಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡೆ.