ನಮ್ಮ ಏರಿಯಾ ಹಿಸ್ಟರಿ: ಬೀಪ್ ಅಂದ ತಕ್ಷಣ ಅಗೆಯಬೇಡ್ರೋ!

1/5
ಕಳೆದ ಭಾನುವಾರ ಕ್ಲಾಸ್‌ಮೇಟ್ ಒಬ್ಬ ಆನ್‌ಲೈನ್‌ನಲ್ಲಿ ತರಿಸಿದ ಮೆಟಲ್ ಡಿಟೆಕ್ಟರ್ ಹಿಡ್ಕೊಂಡು, ಕೆ.ಆರ್. ಪುರದಲ್ಲಿರೋ ಅವರ ಹಳೇ ಮನೆ ಹಿತ್ತಲಿಗೆ ನನ್ನನ್ನೂ ಕರ್ಕೊಂಡು ಹೋದ. ಎರಡು ಗಂಟೆ ಬಿಸಿಲಲ್ಲಿ ಸಿಕ್ಕಿದ್ದು ತುಕ್ಕು ಹಿಡಿದ ಮೊಳೆ, ಸೋಡಾ ಬಾಟಲಿ ಮುಚ್ಚಳ, ಘೇಂಡಾಮೃಗದ ಚಿತ್ರ ಇರೋ ಒಂದು 25 ಪೈಸೆ. ಅವನಿಗೆ ಬೇಜಾರು. “ಮಗಾ, ಇಲ್ಲೇನೂ ಇಲ್ಲ. ರಾತ್ರಿ ಯಾವ್ದಾದ್ರೂ ಹಳೇ ದೇವಸ್ಥಾನದ ಹಿಂದೆ ನೋಡೋಣ” ಅಂದ. ನಾನು ಬರಲ್ಲ ಅಂದೆ. ಪುಕ್ಕಲ ಅಂದ. ಯಾಕೆ ಬರಲ್ಲ ಅಂತ ಇಲ್ಲಿ ಬರೀತಿದೀನಿ. ಅವನೂ ಓದ್ತಾನೆ.

2/5
ಬೆಂಗಳೂರಿನ ನೆಲದಲ್ಲಿ ಏನೂ ಇಲ್ಲ ಅಂತಲ್ಲ. 1891ರಲ್ಲಿ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗ ಒಂದು ಮಡಕೆ ಸಿಕ್ತು. ಒಳಗೆ 163 ರೋಮನ್ ಬೆಳ್ಳಿ ನಾಣ್ಯ! ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು, ಅಂದ್ರೆ ಸುಮಾರು 2,000 ವರ್ಷ ಹಳೇವು. ಇಂದಿರಾನಗರದ ಪಕ್ಕದ ಎಚ್‌ಎಎಲ್ ಕಡೆಯೂ ರೋಮನ್ ನಾಣ್ಯ ಸಿಕ್ಕಿವೆ. ಕೆಂಪೇಗೌಡರಿಗಿಂತ, 1809ರ ಕಂಟೋನ್ಮೆಂಟ್‌ಗಿಂತ ಎಷ್ಟೋ ಮೊದಲೇ ಈ ಕಡೆ ದೂರದೇಶದ ದುಡ್ಡು ಓಡಾಡಿದೆ.

ಆದ್ರೆ ಆ ಮಡಕೆ ಯಾರದು? ಪಕ್ಕದಲ್ಲಿ ಮನೆ ಇತ್ತಾ, ಸಂತೆ ಇತ್ತಾ? ಗುದ್ದಲಿ ಇಂಥ ಪ್ರಶ್ನೆ ಕೇಳಲ್ಲ.

3/5
ಈಗ ಚಿತ್ರದುರ್ಗದ ಚಂದ್ರವಳ್ಳಿಗೆ ಬನ್ನಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಪದರ ಪದರವಾಗಿ ಅಗೆಸಿದರು. ಶಾತವಾಹನರ ಕಾಲದ ಮಡಕೆ ಚೂರುಗಳ ಜೊತೆ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ತು. ಅವನು ಆಳಿದ್ದು ಕ್ರಿ.ಶ. 14ರಿಂದ 37. ಹಾಗಾಗಿ ಆ ಪದರ ಅದಕ್ಕಿಂತ ಹಳೇದಲ್ಲ ಅಂತ ಗೊತ್ತಾಯ್ತು. ಜೊತೆಗಿದ್ದ ಚೂರುಗಳಿಗೂ ಕಾಲ ಹೇಳೋಕೆ ದಾರಿ ಸಿಕ್ತು.

ಬಿಕಾಂ ಭಾಷೇಲಿ ಹೇಳ್ಬೇಕಂದ್ರೆ, ಜಾಗ ಗೊತ್ತಿಲ್ಲದ ನಾಣ್ಯ ಅಂದ್ರೆ ತಾರೀಖು, ನರೇಶನ್ ಎರಡೂ ಇಲ್ಲದ ಜರ್ನಲ್ ಎಂಟ್ರಿ. ಅಮೌಂಟ್ ಇದೆ, ಯಾಕೆ ಅಂತ ಗೊತ್ತಿಲ್ಲ.

4/5
“ಹಾಗಾದ್ರೆ ಡಿಟೆಕ್ಟರೇ ತಪ್ಪಾ?” ಅಲ್ಲ. 1992ರಲ್ಲಿ ಇಂಗ್ಲೆಂಡಿನ ಹಾಕ್ಸ್‌ನ್ ಊರಲ್ಲಿ ಒಬ್ಬ ರೈತನ ಸುತ್ತಿಗೆ ಕಳೆದುಹೋಯ್ತು. ಹುಡುಕಿಕೊಡೋಕೆ ಎರಿಕ್ ಲಾಸ್ ಅನ್ನೋ ಸ್ನೇಹಿತ ಡಿಟೆಕ್ಟರ್ ತಂದ. ಸಿಕ್ಕಿದ್ದು ರೋಮನ್ ನಿಧಿ! ಅವನು ಪೂರ್ತಿ ಅಗೆಯದೆ ಅಲ್ಲಿಗೇ ನಿಲ್ಲಿಸಿ ಅಧಿಕಾರಿಗಳಿಗೆ ಹೇಳಿದ. ಪುರಾತತ್ವದವರು ಬಂದು ಸುಮಾರು 15,000 ನಾಣ್ಯ ತೆಗೆದರು. ಯಾವುದು ಯಾವುದರ ಪಕ್ಕ ಇತ್ತು ಅನ್ನೋದೂ ದಾಖಲಾಯ್ತು. ಅವನಿಗೆ ಬಹುಮಾನವೂ ಬಂತು. ಸುತ್ತಿಗೆಯೂ ಸಿಕ್ತು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಮ್ಮಲ್ಲೂ ಕಾನೂನಿದೆ. 1878ರಲ್ಲೇ ನಿಧಿ ಕಾಯ್ದೆ ಬಂತು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆ ಇದೆ. ಅಪ್ಪಿತಪ್ಪಿ ನಿಧಿ ಸಿಕ್ಕಿದ್ರೂ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, ಬಚ್ಚಿಟ್ಟರೆ ಅಪರಾಧ. ರಾತ್ರಿ ದೇವಸ್ಥಾನದ ಹಿಂದೆ ಅಗೆಯೋರಿಗೆ ಪೇಪರ್‌ನಲ್ಲಿ ಏನಂತಾರೆ ಗೊತ್ತಲ್ಲ? ನಿಧಿಗಳ್ಳರು.

5/5
ಕೊನೆಗೆ ಆ 25 ಪೈಸೆ. 2011ರಿಂದ ಚಲಾವಣೆಯಲ್ಲೇ ಇಲ್ಲ, ಬಿಸಾಕು ಅಂದ ನನ್ನ ಫ್ರೆಂಡು. ಅಷ್ಟರಲ್ಲಿ ಅವನ ಅಜ್ಜಿ ಬಂದ್ರು. “ಎಲ್ಲಿ ಸಿಕ್ತೋ ಇದು?” ಅಂದ್ರು. ತೋರಿಸಿದ್ವಿ. “ಅಲ್ಲೇ ಕಣೋ ನನ್ನ ಪೆಟ್ಟಿಗೆ ಅಂಗಡಿ ಇದ್ದಿದ್ದು. ನಿಮ್ಮಪ್ಪ ಅಲ್ಲೇ ಕೂತು ಲೆಕ್ಕ ಕಲಿತಿದ್ದು” ಅಂದ್ರು. ಅಲ್ಲೊಂದು ಅಂಗಡಿ ಇತ್ತು ಅಂತ ಅವನಿಗೆ ಗೊತ್ತೇ ಇರ್ಲಿಲ್ಲ.

ಅಜ್ಜಿ ಕೇಳಿದ್ದು ಎಷ್ಟಕ್ಕೆ ಹೋಗುತ್ತೆ ಅಂತಲ್ಲ, ಎಲ್ಲಿ ಸಿಕ್ತು ಅಂತ. ಮಗಾ, ಬರಲ್ಲ ಅಂದಿದ್ದು ಇದಕ್ಕೇ.

ನಿಮ್ಮನೇಲಿ ಹಳೇ ನಾಣ್ಯ ಇದ್ಯಾ? ಎಲ್ಲಿಂದ ಬಂತು ಅಂತ ಮನೆ ಹಿರಿಯರನ್ನ ಕೇಳಿ, ಕಾಮೆಂಟ್‌ನಲ್ಲಿ ಬರೀರಿ.

#ನಮ್ಮಏರಿಯಾಹಿಸ್ಟರಿ #ಬೆಂಗಳೂರು #ಹಳೇನಾಣ್ಯ