ನಮ್ಮ ಸೀಮೆಯ ಮನೆಗಳಲ್ಲಿ ಕಸ ಹುಟ್ಟಿದ ಬಗೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಊರಿನ ಚರಿತ್ರೆಯ ಬಗ್ಗೆ ಒಂದು ಲೇಖನ ಬೇಕೆಂದು ನಮ್ಮ ಗುರುಗಳು ಫೋನ್ ಮಾಡಿದಾಗ, ಯಳಂದೂರಿನ ಬಳೆ ಮಂಟಪವನ್ನೋ ಶಿವನಸಮುದ್ರವನ್ನೋ ಕುರಿತು ಬರೆಯಬಲ್ಲ ತಿಳಿದವರು ಬೇರೆ ಇದ್ದಾರೆ, ನನ್ನಿಂದಾಗದು ಸಾರ್ ಎಂದೆ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಶಾಸನ ಓದಲು ಬಾರದು. ಆದರೆ ಮನೆಯ ಚರಿತ್ರೆ ಬರೆಯಬಹುದಲ್ಲ? ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ನಮ್ಮ ಮನೆಗಳಲ್ಲಿ ಕಸ ಎಂಬ ವಸ್ತು ಹೇಗೆ ಹುಟ್ಟಿತು, ಅದಕ್ಕೂ ಮೊದಲು ಅದು ಎಲ್ಲಿತ್ತು ಎಂಬುದೇ ಈ ಲೇಖನದ ವಿಷಯ.

ಈ ಪ್ರಶ್ನೆ ನನಗೆ ಎದ್ದದ್ದು ಬೆಂಗಳೂರಿನಲ್ಲಿ. ನಗರದ ಕಸವನ್ನು ವರ್ಷಗಟ್ಟಲೆ ಮಂಡೂರಿನಲ್ಲಿ ಸುರಿಯುತ್ತಿದ್ದರು. ಆ ಊರಿನವರು ರಸ್ತೆಗಿಳಿದು ಹೋರಾಡಿದ ಮೇಲೆ 2014ರ ಕೊನೆಗೆ ಅದು ನಿಂತಿತು. ಹಸಿ ಕಸ, ಒಣ ಕಸ ಬೇರೆ ಮಾಡಿಕೊಡಿ ಎಂಬ ನಿಯಮ ಬಿಗಿಯಾಯಿತು. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಒಂದು ಪಟ್ಟಿ ಅಂಟಿಸಿದರು: ಅಂಗಡಿಗೆ ಬಟ್ಟೆ ಚೀಲ ಒಯ್ಯಿರಿ, ಅಡುಗೆ ಮನೆಯ ಸಿಪ್ಪೆಯಿಂದ ಗೊಬ್ಬರ ಮಾಡಿ, ಪಾತ್ರೆಗೆ ಅಂಟುವಾಳದ ಪುಡಿ ಬಳಸಿ, ಸಮಾರಂಭಕ್ಕೆ ಎಲೆಯಲ್ಲಿ ಊಟ ಹಾಕಿ. ಓದುತ್ತಿದ್ದರೆ ನಮ್ಮಜ್ಜಿಯ ದಿನಚರಿಯನ್ನೇ ಅಚ್ಚು ಹಾಕಿಸಿದ್ದಾರೇನೋ ಅನ್ನಿಸಿತು. ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತು ಎಂದು ಹೆಮ್ಮೆಪಟ್ಟು ಸುಮ್ಮನಾಗಬಹುದಿತ್ತು. ಆದರೆ ಅದು ಚರಿತ್ರೆಯಾಗುವುದಿಲ್ಲ. ಅಜ್ಜಿಗೆ ಪರಿಸರ ಎಂಬ ಪದವೇ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದ ಪದ ‘ಮಡಗು’. ಏನನ್ನು ಎಸೆಯಲು ಹೋದರೂ “ಎಸೀಬ್ಯಾಡ ಕನಪ್ಪ, ಮಡಗು” ಎನ್ನುತ್ತಿದ್ದರು.

ಈ ಸಂಚಿಕೆ ಓದುವ ಮಕ್ಕಳಿಗಾಗಿ ನಮ್ಮ ಸೀಮೆಯ ಬಗ್ಗೆ ಎರಡು ಮಾತು. ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕ ನಾಡು. ಕೊಳ್ಳೇಗಾಲ ಮತ್ತು ಆಗ ಅದರೊಳಗೇ ಇದ್ದ ಹನೂರು ಮದ್ರಾಸಿನವರ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು; 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಎಲ್ಲವೂ ಒಂದೇ ಜಿಲ್ಲೆಯ ಪಾಲಾದವು. ಯಳಂದೂರಿಗೆ ಸುವರ್ಣಾವತಿಯ ಗದ್ದೆ, ಹನೂರಿಗೆ ಮಳೆ ನಂಬಿದ ರಾಗಿ ಹೊಲ, ಕೊಳ್ಳೇಗಾಲಕ್ಕೆ ಹಿಪ್ಪುನೇರಳೆ ಮತ್ತು ರೇಷ್ಮೆ. ಸರ್ಕಾರ ಬೇರೆ, ಬೆಳೆ ಬೇರೆ. ಮನೆಯ ಹಿತ್ತಿಲು ಮಾತ್ರ ಹೆಚ್ಚುಕಮ್ಮಿ ಒಂದೇ.

ಆ ಹಿತ್ತಿಲಿನಲ್ಲಿ ಪ್ರತಿ ವಸ್ತುವಿಗೂ ಮುಂದಿನ ಕೆಲಸವೊಂದು ಕಾದಿರುತ್ತಿತ್ತು. ಒಲೆಯ ಬೂದಿಯನ್ನೇ ನೋಡಿ. ಅದು ಪಾತ್ರೆ ತೊಳೆಯಲು ಬರುತ್ತಿತ್ತು. ಬೂದಿಯಲ್ಲಿರುವ ಕ್ಷಾರ ಜಿಡ್ಡಿನ ಜೊತೆ ಸೇರಿ ಸೋಪಿನ ಕೆಲಸವನ್ನೇ ಮಾಡುತ್ತದೆ. ಅವರೆ, ಅಲಸಂದೆ ಬೀಜಕ್ಕೆ ಬೂದಿ ಬೆರೆಸಿಟ್ಟರೆ ಹುಳು ಹತ್ತದು. ಉಳಿದದ್ದು ತಿಪ್ಪೆಗೆ, ತಿಪ್ಪೆಯಿಂದ ಗಾಡಿಯಲ್ಲಿ ಹೊಲಕ್ಕೆ. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಎಮ್ಮೆಗೆ, ಬಚ್ಚಲ ನೀರು ಬಾಳೆಗಿಡಕ್ಕೆ. ಹರಿದ ಸೀರೆ ಮೊದಲು ಮಗುವಿನ ತೊಟ್ಟಿಲಿಗೆ, ಆಮೇಲೆ ಒಲೆ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಗೆ. ನಮ್ಮ ಕೆಲಸದಲ್ಲಿ ಒಂದು ಪ್ರೋಗ್ರಾಮಿನ ಔಟ್‌ಪುಟ್ ಇನ್ನೊಂದರ ಇನ್‌ಪುಟ್ ಆಗುವಂತೆ ಜೋಡಿಸಲು ಹೆಣಗುತ್ತೇವೆ. ಹಿತ್ತಿಲಿನಲ್ಲಿ ಅದು ತಾನಾಗಿ ನಡೆದಿತ್ತು.

ರಾಗಿಯ ಹಗೇವು ಕಂಡವರು ಈಗ ಕಡಿಮೆ. ನೆಲದೊಳಗೆ ಗುಂಡಿ ತೋಡಿ, ರಾಗಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳು ಬದುಕಲಾರದು. ಮನುಷ್ಯನೂ ಬದುಕಲಾರ. ಅದಕ್ಕೇ ಹಗೇವು ತೆರೆದ ಮೇಲೆ ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಔಷಧಿಯ ಮಾತ್ರೆಯಿಲ್ಲ, ಪ್ಲಾಸ್ಟಿಕ್ ಚೀಲವಿಲ್ಲ.

ನಮ್ಮ ಕಡೆಯ ವಿಶೇಷ ನೋಡಬೇಕಾದರೆ ರೇಷ್ಮೆ ಮನೆಗೇ ಬರಬೇಕು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಚಂದ್ರಿಕೆಯನ್ನು ಹಳಬರು ಮರೆತಿರಲಾರರು. ಸುಮಾರು 6 ಅಡಿ ಉದ್ದ, 4 ಅಡಿ ಅಗಲದ ಬಿದಿರ ತಟ್ಟಿ. ಅದರ ಮೇಲೆ ಸುತ್ತುಸುತ್ತಾಗಿ ನಿಲ್ಲಿಸಿದ ಬಿದಿರಿನ ಪಟ್ಟಿ. ಸಾವಿರದಷ್ಟು ಹುಳು ಹಿಡಿಯುತ್ತಿತ್ತು. ಹೆಣೆಯುತ್ತಿದ್ದವರು ಮೇದರು. ಹುಳುವಿನ ಹಿಕ್ಕೆ, ತಿಂದುಳಿದ ಸೊಪ್ಪು ತಿಪ್ಪೆಗೆ ಹೋಗಿ ಮತ್ತೆ ಹಿಪ್ಪುನೇರಳೆ ತೋಟಕ್ಕೇ ಗೊಬ್ಬರವಾಗುತ್ತಿತ್ತು. ಕಡ್ಡಿ ಒಲೆಗೆ. ಹಲವು ಬೆಳೆ ಕಂಡು ಮುರಿದ ಚಂದ್ರಿಕೆಯೂ ಒಲೆಗೆ. ಆಮೇಲೆ ಪ್ಲಾಸ್ಟಿಕ್ಕಿನ ನೆಟ್ರಿಕೆ ಬಂತು. ತೊಳೆಯಲು ಸುಲಭ, ಮಡಿಸಿಟ್ಟರೆ ಜಾಗ ಕಡಿಮೆ, ರೋಗದ ಭಯವೂ ಕಡಿಮೆ. ರೈತ ಅದನ್ನು ಆರಿಸಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಹರಿದ ನೆಟ್ರಿಕೆಗೆ ಹಿತ್ತಿಲಿನಲ್ಲಿ ಮುಂದಿನ ಕೆಲಸವೇ ಇಲ್ಲ. ಒಲೆಗೆ ಹಾಕಿದರೆ ವಿಷದ ಹೊಗೆ, ತಿಪ್ಪೆಗೆ ಹಾಕಿದರೆ ಕೊಳೆಯದು. ಚಂದ್ರಿಕೆಯ ಬೇಡಿಕೆ ಕುಗ್ಗಿದಂತೆ ಮೇದರ ಬಿದಿರಿನ ಕೆಲಸಕ್ಕೂ ಏಟು ಬಿತ್ತು. ನನ್ನ ಪ್ರಕಾರ ಕಸ ಹುಟ್ಟಿದ್ದು ಹೀಗೆ: ಜನ ಸೋಮಾರಿಗಳಾದದ್ದರಿಂದಲ್ಲ, ಮುಂದಿನ ಕೈ ಇಲ್ಲದ ವಸ್ತುಗಳು ಮನೆಯೊಳಗೆ ಬಂದದ್ದರಿಂದ.

ಸೀಗೆಕಾಯಿ, ಅಂಟುವಾಳದ ಕಥೆಯೂ ಇಂಥದ್ದೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ತಂದದ್ದು ನಮ್ಮ ಸಂತೆಗೆ, ಸಂತೆಯಿಂದ ಬಚ್ಚಲಿಗೆ ಬರುತ್ತಿತ್ತು. ತಮಿಳುನಾಡಿನ ಕಡಲೂರು ಕಡೆ ಹುಟ್ಟಿದ ಶಾಂಪೂ ಸ್ಯಾಶೆ 1980ರ ದಶಕದಿಂದ ಹಳ್ಳಿ ಅಂಗಡಿಗಳಲ್ಲಿ ತೋರಣದ ಹಾಗೆ ತೂಗಾಡತೊಡಗಿತು. ಬಡವರೂ ಕೊಳ್ಳಬಹುದಾದ ಬೆಲೆ, ನಿಜ. ಆದರೆ ಆ ಖಾಲಿ ಚೂರನ್ನು ಗುಜರಿಯವನೂ ಮುಟ್ಟುವುದಿಲ್ಲ. ಕಾಡಿನ ತುದಿಯಲ್ಲಿ ಬೇರೊಂದು ತೊಡಕು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಅಭಯಾರಣ್ಯದಲ್ಲಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಲು ತಡೆ ಬಿತ್ತು. 2011ರಲ್ಲಿ ಸೋಲಿಗರ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಕೂದಲಿಗೆ ಏನು ಹಚ್ಚಬೇಕೆಂಬುದು ನಮ್ಮ ಮನೆಯ ಸಂಗತಿ ಎಂದುಕೊಂಡಿರುತ್ತೇವೆ, ಅದರ ಬೇರು ಬೆಟ್ಟದವರೆಗೆ ಹೋಗಿರುತ್ತದೆ.

ಈಗ ಹಳೆಯದನ್ನು ಹೊಗಳುವವರು ಸಾಮಾನ್ಯವಾಗಿ ಹೇಳದ ಮಾತು. ಆ ಕಸವಿಲ್ಲದ ಮನೆಯನ್ನು ನಡೆಸಿದ್ದು ಹೆಂಗಸರ ರಟ್ಟೆ. ಸಗಣಿ ಬಾಚಿದವರು, ಬೆರಣಿ ತಟ್ಟಿದವರು, ಸೌದೆ ಹೊತ್ತವರು, ಬಾವಿಯಿಂದ ನೀರು ಸೇದಿದವರು ಯಾರು? ಗಂಡಸರು ತಿಪ್ಪೆಯಿಂದ ಗಾಡಿ ಹೊಡೆಯುವ ದಿನ ಬರುತ್ತಿದ್ದರು, ಅಷ್ಟೇ. ಹೆಣ್ಣಿನ ಗೃಹಧರ್ಮವನ್ನೇ ವಿಷಯವಾಗಿಟ್ಟುಕೊಂಡು ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮ ನಮ್ಮ ಯಳಂದೂರಿನವಳೇ, ಚಿಕ್ಕದೇವರಾಜ ಒಡೆಯರ ಕಾಲದವಳು. ಮನೆಗೆಲಸದ ಭಾರ ಯಾರ ಮೇಲಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಒಲೆಯ ಹೊಗೆಯಂತೂ ಬೇರೆಯೇ ವಿಚಾರ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ತಂಡ ಕಡಿಮೆ ಸೌದೆ ತಿನ್ನುವ, ಹೊಗೆ ಕೊಳವೆಯ ಒಲೆ ರೂಪಿಸಿದ್ದು ಇದೇ ಕಷ್ಟ ಕಂಡು. 2016ರಲ್ಲಿ ಉಜ್ವಲ ಯೋಜನೆಯ ಗ್ಯಾಸ್ ಬಂತು. ಬೂದಿ ಒಳ್ಳೆಯದೆಂದು ಮತ್ತೆ ಸೌದೆ ಒಲೆ ಹಚ್ಚಿ ಎಂದು ಬೆಂಗಳೂರಿನಲ್ಲಿ ಕೂತು ನಮ್ಮವ್ವನಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳಲೂ ಬಾರದು.

ಹಾಗಾದರೆ ಏನು ಉಳಿದಿದೆ? ತಿಪ್ಪೆ ಇನ್ನೂ ಇದೆ, ಅದನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಈಗ ಗೊಬ್ಬರ ಹೊಡೆದ ಹೊಲದಲ್ಲಿ ನೇಗಿಲಿಗೆ ಸಿಕ್ಕುವುದು ಹಾಲಿನ ಕವರ್, ಗುಟ್ಕಾ ಪೊಟ್ಟಣ, ಎಣ್ಣೆಯ ಪ್ಯಾಕೆಟ್. ತಿಪ್ಪೆಗೆ ಹೋಗುವ ಮಂಕರಿಗೂ ಒಣ ಕಸದ ಚೀಲಕ್ಕೂ ಮನೆಯೊಳಗೇ ಗೆರೆ ಎಳೆದರೆ ಹೊಲ ಉಳಿಯುತ್ತದೆ. ತಂದೆ ಮಕ್ಕಳೂ ಕೈ ಹಾಕಿದರೆ ದಿನಕ್ಕೆ ಐದು ನಿಮಿಷದ ಕೆಲಸ. ರಾಜ್ಯ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ನಿಷೇಧಿಸಿತು. 2022ರ ಜುಲೈ 1ರಿಂದ ಏಕಬಳಕೆಯ ತಟ್ಟೆ ಲೋಟಗಳಿಗೆ ದೇಶದಾದ್ಯಂತ ನಿಷೇಧವಿದೆ. ಕಾನೂನಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಪಂಚಾಯಿತಿಯ ‘ಸ್ವಚ್ಛ ಸಂಕೀರ್ಣ’ ಎಂದು ನನ್ನ ಅನಿಸಿಕೆ, ಏಕೆಂದರೆ ಒಣ ಕಸಕ್ಕೆ ಅದು ಮುಂದಿನ ಕೈ. ಹೊಸ ಕೊಂಡಿಗಳೂ ಹುಟ್ಟಬಲ್ಲವು. ಮಹದೇಶ್ವರ ಬೆಟ್ಟದ ಸುತ್ತ ಕಾಡನ್ನು ನುಂಗುತ್ತಿರುವ ಲಂಟಾನದ ಕಡ್ಡಿಯಿಂದ, ಏಟ್ರೀ ಸಂಸ್ಥೆಯ ನೆರವಿನಲ್ಲಿ ಸೋಲಿಗರು ಕುರ್ಚಿ, ಬುಟ್ಟಿ ಮಾಡುತ್ತಿದ್ದಾರೆ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಹೆಗಲಲ್ಲಿ ಹಿಂದೆ ಜೋಳಿಗೆ, ಬುತ್ತಿ ಇರುತ್ತಿದ್ದವು; ಈಗ ಕಾಡಿನ ದಾರಿಯುದ್ದಕ್ಕೂ ನೀರಿನ ಬಾಟಲಿ ಬಿದ್ದಿರುತ್ತವೆ. ಕಂಸಾಳೆಯವರ ಜೋಳಿಗೆಗಿಂತ ಒಳ್ಳೆಯ ಬಟ್ಟೆ ಚೀಲವನ್ನು ನಾನು ಯಾವ ಮಾಲ್‌ನಲ್ಲೂ ಕಂಡಿಲ್ಲ.

ಮಹೋತ್ಸವದ ದಿನ ಹಳೆಯ ವಿದ್ಯಾರ್ಥಿಗಳಿಗೂ ಊರಿನವರಿಗೂ ಶಾಲೆಯ ಅಂಗಳದಲ್ಲೇ ಊಟವಿದೆ. ಬಾಳೆ ಎಲೆಯೋ ಮುತ್ತುಗದ ಎಲೆಯೋ ಎಂಬ ಚರ್ಚೆ ಸಮಿತಿಯಲ್ಲಿ ಇನ್ನೂ ಮುಗಿದಿಲ್ಲ, ಎರಡರಲ್ಲಿ ಯಾವುದಾದರೂ ಸರಿ. ನೀರಿಗೆ ಸ್ಟೀಲ್ ಲೋಟಗಳನ್ನು ಶಾಮಿಯಾನದವರು ಬಾಡಿಗೆಗೆ ಕೊಡುತ್ತಾರೆ. ತೊಳೆಯಲು ನಮ್ಮ ಬ್ಯಾಚಿನ ಹುಡುಗರು ಒಪ್ಪಿದ್ದೇವೆ. ಎಲೆಗಳಿಗೆ ಶಾಲೆಯ ಹಿಂದೆ ಗುಂಡಿ ತೆಗೆಸಬೇಕು, ಆ ಕೆಲಸಕ್ಕೆ ಇನ್ನೂ ಇಬ್ಬರು ಮೂವರು ಬೇಕಾಗಿದ್ದಾರೆ.