ನೇದ ಸೀರೆ, ನೇಸಿನ ಚೀರ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ಭಾಗವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿದವು. ಈಗ ಮೊದಲೆರಡು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಕನ್ನಡ, ತೆಲುಗು, ದಖನಿ, ಮರಾಠಿ ಒಟ್ಟಿಗೆ ಕಿವಿಗೆ ಬೀಳುವ ಈ ಸೀಮೆಯಿಂದ ನೋಡಿದರೆ ‘ನೇಯು’ ಎಂಬ ನಮ್ಮ ಕ್ರಿಯಾಪದದ ನೆಂಟಸ್ತಿಕೆ ಬೆಂಗಳೂರಿನಿಂದ ಕಾಣುವುದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ.

ಕನ್ನಡದವರು ನೇದ ಸೀರೆ ಅಥವಾ ನೇಯ್ದ ಸೀರೆ ಎನ್ನುತ್ತಾರೆ. ತೆಲುಗಿನವರು ನೇಸಿನ ಚೀರ ಎನ್ನುತ್ತಾರೆ. ಧಾತು ಒಂದೇ. ಭೂತಕಾಲಕ್ಕೆ ಕನ್ನಡ ದಕಾರ ಹಿಡಿಯಿತು, ತೆಲುಗು ಸಕಾರ ಹಿಡಿಯಿತು. ನಮ್ಮ ನೇಯ್ಗೆ ಅಲ್ಲಿ ನೇತ, ತಮಿಳಿನಲ್ಲಿ ನೆಸವು. ಕೈಮಗ್ಗಕ್ಕೆ ತೆಲುಗಿನವರು ಹೇಳುವ ‘ಚೇನೇತ’ದಲ್ಲಿ ಕೈ ಮತ್ತು ನೇಯ್ಗೆ ಎರಡೂ ಇವೆ. ಮಗ್ಗ ಅಲ್ಲಿ ಮಗ್ಗಂ, ನೂಲು ನೂಲೇ, ಕದಿರು ಕದುರು. ಹನ್ನೆರಡನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆಯ ಹೆಸರಿನಲ್ಲಿರುವುದು ನೂಲುವ ಈ ಕದಿರೇ.

ಹಳಗನ್ನಡದಲ್ಲಿ ಈ ಧಾತುವಿನ ರೂಪ ‘ನೆಯ್’. ಅದೇ ರೂಪದ ನಾಮಪದವೂ ಇತ್ತು. ಅದರ ಅರ್ಥ ತುಪ್ಪ, ಜಿಡ್ಡು. ಎರಡಕ್ಕೂ ಸಂಬಂಧವಿಲ್ಲ. ಕನ್ನಡ ಕ್ರಮೇಣ ‘ತುಪ್ಪ’ವನ್ನು ಮುಂದೆ ತಂದಿತು, ಹಳೆಯ ನೆಯ್ ಬೆಣ್ಣೆ (ಬೆಳ್+ನೆಯ್), ಎಣ್ಣೆ (ಎಳ್+ನೆಯ್) ಎಂಬ ಪದಗಳ ಒಳಗೆ ಸೇರಿಕೊಂಡು ಉಳಿಯಿತು. ತೆಲುಗು ಮನೆಯಲ್ಲಿ ಇಂದಿಗೂ ತುಪ್ಪ ‘ನೆಯ್ಯಿ’ಯೇ. ನಾವು ದಿನವೂ ಎಣ್ಣೆ ಎನ್ನುವಾಗ ಒಳಗಿರುವ ಪದ ಜಹೀರಾಬಾದಿನ ತೆಲುಗು ಅಡುಗೆಮನೆಯಲ್ಲಿ ಬಿಡಿಯಾಗಿಯೇ ಕೇಳಿಸುತ್ತದೆ.

ಇಂಗ್ಲಿಷಿನ ‘ವೀವ್’ನಲ್ಲೂ ಇಂಥದೇ ಜೋಡಿ ಇದೆ, ಅದನ್ನು ಗಮನಿಸುವವರು ಕಡಿಮೆ. ಬಟ್ಟೆ ನೇಯುವ ವೀವ್ ಹಳೆಯ ಇಂಗ್ಲಿಷಿನ ‘ವೆಫನ್’ನಿಂದ ಬಂದದ್ದು, ಅದರ ಭೂತಕಾಲ ‘ವೋವ್’. ಜನಜಂಗುಳಿಯಲ್ಲಿ ಅತ್ತಿತ್ತ ಓಲುತ್ತ ದಾರಿ ಮಾಡಿಕೊಳ್ಳುವ ವೀವ್ ಬೇರೆ. ಅದು ಬೀಸು, ಅಲುಗಾಡಿಸು ಎಂಬರ್ಥದ ಹಳೆಯ ನಾರ್ಸ್ ಪದದಿಂದ ಬಂದಿರಬಹುದೆಂದು ಕೋಶಕಾರರ ಊಹೆ. ಹಾಗಾಗಿಯೇ ಅದರ ಭೂತಕಾಲವನ್ನು ‘ವೀವ್ಡ್’ ಎಂದು ಬರೆಯುವುದು ವಾಡಿಕೆ. ಅನುವಾದಕರು ಇದನ್ನು ಮರೆತು ಎರಡನೆಯದಕ್ಕೂ ‘ನೇಯು’ ಬಳಸಿದರೆ ವಾಕ್ಯ ಕೆಡುತ್ತದೆ. ಗುಂಪಿನ ನಡುವೆ ಕನ್ನಡಿಗರು ನುಸುಳುತ್ತಾರೆ, ತೂರಿಕೊಂಡು ಹೋಗುತ್ತಾರೆ. ಅಲ್ಲಿಗೂ ಇಲ್ಲಿಗೂ ಬಿಡುವಿಲ್ಲದೆ ಅಲೆಯುವವರನ್ನು ಲಾಳಿಯ ಹಾಗೆ ಓಡಾಡುತ್ತಾರೆ ಎನ್ನುತ್ತೇವೆ. ಮಗ್ಗ ಅಲ್ಲೂ ಬಂತು, ಆದರೆ ಕ್ರಿಯಾಪದವಾಗಿ ಅಲ್ಲ.

ಮಗ್ಗ ನಮಗೆ ಕೊಟ್ಟ ಮಾತುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ‘ಹಾಸುಹೊಕ್ಕು’. ಉದ್ದಕ್ಕೆ ಹಾಸಿದ ಎಳೆ ಹಾಸು. ಲಾಳಿಯೊಡನೆ ಅಡ್ಡಲಾಗಿ ಒಳಹೊಗುವ ಎಳೆ ಹೊಕ್ಕು. ‘ಹೊಗು’ ಧಾತುವಿನ ‘ಹೊಕ್ಕ’ ಇದರಲ್ಲಿದೆ. ಕುಣಿಮಗ್ಗದಲ್ಲಿ ಕುಳಿತವರ ಕಾಲು ಕುಣಿಯೊಳಗಿನ ಹಲಗೆ ತುಳಿದಾಗ ಹಾಸು ಎರಡಾಗಿ ಬಾಯಿ ತೆರೆಯುತ್ತದೆ, ಆ ಬಾಯಿಗೆ ಲಾಳಿ ಹೊಗುತ್ತದೆ. ಕೆಲಸ ನಡೆಯುವ ಬಗೆಯೇ ಪದವಾಗಿದೆ. ಬದುಕಿನಲ್ಲಿ ಹಾಸುಹೊಕ್ಕಾದ ಹಾಡು, ಹಾಸುಹೊಕ್ಕಾದ ನಂಬಿಕೆ ಎಂದು ದಿನಪತ್ರಿಕೆಯಲ್ಲಿ ಬರೆಯುವವರಿಗೆ ಆ ಬಾಯಿ ತೆರೆದ ಎಳೆಗಳು ನೆನಪಾಗುವುದು ಅಪರೂಪ. ತೆಲುಗಿನಲ್ಲಿ ಈ ಜೋಡಿ ಪಡುಗು–ಪೇಕ, ದಖನಿಯಲ್ಲಿ ತಾನಾ–ಬಾನಾ. ಧಾತು ಹಂಚಿಕೊಂಡ ಕನ್ನಡ–ತೆಲುಗುಗಳು ಎಳೆಗಳ ಹೆಸರಿನಲ್ಲಿ ಬೇರೆಯಾದದ್ದು ಸೋಜಿಗ.

ಜೇಡದ ವಿಷಯದಲ್ಲಿ ಮತ್ತೆ ಕೂಡಿಕೊಂಡವು. ಜೇಡ ಎಂದರೆ ನೇಕಾರ. ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯ ಬಟ್ಟೆ ನೇಯುತ್ತಿದ್ದವನು. ಅದೇ ಹೆಸರು ಬಲೆ ಕಟ್ಟುವ ಹುಳುವಿಗೂ ಬಂತು. ತೆಲುಗಿನವರು ಬೇರೆ ಪದ ಹಿಡಿದು ಅದೇ ದಾರಿಯಲ್ಲಿ ನಡೆದರು: ಸಾಲೆ ಎಂದರೆ ನೇಕಾರ, ಸಾಲೆಪುರುಗು ಎಂದರೆ ಜೇಡ. ನಮ್ಮ ಪದ್ಮಸಾಲಿ, ಪಟ್ಟಸಾಲಿಗಳಲ್ಲಿ ಇರುವುದೂ ಆ ಸಾಲೆಯೇ. ಇಂಗ್ಲಿಷ್ ಜೇಡಕ್ಕೆ ನೂಲುವ ಕೆಲಸದಿಂದ ಹೆಸರಿಟ್ಟಿತು. ಅದರ ‘ಸ್ಪೈಡರ್’ ಹುಟ್ಟಿದ್ದು ‘ಸ್ಪಿನ್’ ಧಾತುವಿನಿಂದ. ಆದರೆ ಬಲೆಗೆ ಇಟ್ಟ ‘ವೆಬ್’ ನೇಯ್ಗೆಯದು. ಸಂಸ್ಕೃತದಲ್ಲಿ ಜೇಡಕ್ಕಿರುವ ಊರ್ಣವಾಭಿ ಎಂಬ ಹಳೆಯ ಹೆಸರಿನ ಎರಡನೆಯ ಭಾಗವನ್ನು ಭಾಷಾವಿಜ್ಞಾನಿಗಳು ವೀವ್‌ನ ಬಳಗಕ್ಕೇ ಸೇರಿಸುತ್ತಾರೆ.

ಇಷ್ಟಾದರೂ ಕನ್ನಡದಲ್ಲಿ ‘ನೇಯು’ ಬಟ್ಟೆ, ಕಂಬಳಿ ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. ಬುಟ್ಟಿ, ಜಡೆ, ಮಂಚದ ನುಲಿ, ಕಥೆ, ಪಿತೂರಿ ಎಲ್ಲವೂ ‘ಹೆಣೆ’ಯ ಪಾಲು, ತೆಲುಗಿನಲ್ಲಿ ‘ಅಲ್ಲು’ವಿನ ಪಾಲು. ಇಂಗ್ಲಿಷಿನ ನೆರಳಲ್ಲಿ ಈಚೆಗೆ ಕಥೆ ನೇಯುವವರು, ಕನಸು ನೇಯುವವರು ಹೆಚ್ಚಿದ್ದಾರೆ. ನನಗೆ ಅದು ಒಗ್ಗುವುದಿಲ್ಲ. ಹಾಸು ಬೇಕು, ಹೊಕ್ಕು ಬೇಕು, ಅವು ಒಂದನ್ನೊಂದು ಅಡ್ಡ ಹಾಯಬೇಕು, ಆಗಷ್ಟೇ ನೇಯ್ಗೆ. ಒಂದೇ ಎಳೆಯಲ್ಲಿ ಸಾಗುವ ಕಥೆಗೆ ‘ಹೆಣೆ’ ಸಾಕು. ನೇಕಾರನ ಹೆಸರು ಹೊತ್ತ ಜೇಡವೂ ನಮ್ಮ ಮಾತಿನಲ್ಲಿ ಹೆಚ್ಚಾಗಿ ಬಲೆ ಹೆಣೆಯುತ್ತದೆ, ತೆಲುಗಿನಲ್ಲಿ ಗೂಡು ಅಲ್ಲುತ್ತದೆ.